ಅಭ್ಯಾಸದ ಅಂಗಡಿ

ಮಾವನವರಿಗೆ ನಮಸ್ಕಾರ,

ಒಂದೇ ಮನೆಯಲ್ಲಿದ್ದು ಪತ್ರವೇ ಎಂದು ನಗಬೇಡಿ. ನಿಮ್ಮೆದುರು ನಿಂತು ಇಷ್ಟೆಲ್ಲ ಹೇಳಲು ನನಗೆ ಬರುವುದಿಲ್ಲ.

ನಮ್ಮ ಸೈಕಲ್ ರಿಪೇರಿ ಅಂಗಡಿಯ ಲೆಕ್ಕವನ್ನು ಆನ್‌ಲೈನ್‌ನಲ್ಲಿ ಬರೆಯಲು ಕಲಿ ಎಂದಿರಿ. ಕಲಿತೆ. ಬಿಲ್ ಮಾಡುವುದು, ಖರ್ಚು ಬರೆಯುವುದು ಸಲೀಸು. ಆದರೆ ಆ ಲೆಕ್ಕದ ಆ್ಯಪ್‌ನೊಳಗೆ ಒಂದು ಸೋಜಿಗ ಸಿಕ್ಕಿತು. ಹೊಸಬರು ಕೈ ಪಳಗಿಸಲೆಂದು ಅಲ್ಲಿ ಒಂದು ಸುಳ್ಳು ಅಂಗಡಿ ತೆರೆಯಬಹುದು. ಅದರಲ್ಲಿ ಎಷ್ಟು ತಪ್ಪು ಮಾಡಿದರೂ ನಿಮ್ಮ ಲೆಕ್ಕಕ್ಕೆ ಏನೂ ಆಗುವುದಿಲ್ಲ.

'ಏನು ಮಾರುತ್ತೀರಿ?' ಎಂದು ಆ್ಯಪ್ ಕೇಳಿತು. ಮೂಲೆಯಲ್ಲಿ ರಾಶಿ ಬಿದ್ದಿದ್ದ ಹಳೆಯ ಟ್ಯೂಬುಗಳನ್ನು ನೋಡಿ 'ಟ್ಯೂಬಿನ ಚೀಲ' ಎಂದು ಬರೆದೆ. 'ಮಾಲೀಕರು ಯಾರು?' ಎಂದಿತು. ಬೆರಳು ಸ್ವಲ್ಪ ಹೊತ್ತು ತಡೆಯಿತು, ಆಮೇಲೆ ನನ್ನ ಹೆಸರನ್ನೇ ಒತ್ತಿದೆ. ಗಿರಾಕಿಗಳನ್ನೂ ನಾನೇ ಹುಟ್ಟಿಸಿದೆ. ಒಬ್ಬರೂ ಚೌಕಾಸಿ ಮಾಡಲಿಲ್ಲ, ಸುಳ್ಳು ಗಿರಾಕಿಗಳಲ್ಲವೇ!

ಆದರೆ ಅಂಥ ಚೀಲ ನಿಜಕ್ಕೂ ಆಗುತ್ತದೆಯೇ ಎಂಬ ಕುತೂಹಲ ಬಿಡಲಿಲ್ಲ. ಟ್ಯೂಬು ಸೀಳಿ, ತೊಳೆದು, ಸೂಜಿ ಮುರಿದುಕೊಂಡು ಒಂದು ಚೀಲ ಹೊಲಿದೆ.

ಈಗ ಪರದೆಯ ಮೇಲೆ ಒಂದು ಪ್ರಶ್ನೆ ನಿಂತಿದೆ: 'ಈ ಅಂಗಡಿಯನ್ನು ಅಳಿಸಬೇಕೇ, ನಿಜವಾಗಿ ಶುರು ಮಾಡಬೇಕೇ?' ನಾನು ಯಾವುದನ್ನೂ ಒತ್ತಿಲ್ಲ. ನೀವು ಒಪ್ಪಿದರೆ ಚೀಲ ಇಡಲು ನಮ್ಮ ಅಂಗಡಿಯ ಕಿಟಕಿ ಪಕ್ಕದ ಖಾಲಿ ಹಲಗೆ ಸಾಕು. ಅಲ್ಲಿಯವರೆಗೆ ಹಳೆಯ ಟ್ಯೂಬುಗಳನ್ನು ಗುಜರಿಯವನಿಗೆ ಕೊಡಬೇಡಿ.

ನಿನ್ನೆ ಅತ್ತೆಯ ಹೆಗಲಲ್ಲಿದ್ದ ಕಪ್ಪು ಚೀಲ ಎಳೆದು ನೋಡಿ, "ಗಟ್ಟಿಯಾಗಿದೆ ಕಣೇ, ಯಾವ ಅಂಗಡೀದು?" ಅಂದಿರಿ. ಅತ್ತೆ ನಕ್ಕರು. ಅದು ಈ ಅಂಗಡಿಯದೇ.

ಇಂತಿ,
ನಿಮ್ಮ ಸೊಸೆ