ಈರುಳ್ಳಿ ಸೊಪ್ಪಿನ ಏಟು

ಲಾಖೀಶ್ ಬಯಲು,
ನಿಸ್ಸಾನ್ ತಿಂಗಳ ಇಪ್ಪತ್ತಮೂರು

ನನ್ನ ಮುದ್ದಿನ ಝೀಲಾ,

ಹೇಗಿದ್ದೀಯ ತಾಯಿ? ಹೈಫಾದ ಮೆಟ್ಟಿಲು ಹತ್ತಿ ಹತ್ತಿ ಹಿಡಿದ ಮಂಡಿನೋವು ಕಡಿಮೆಯಾಯಿತೆ? ನಿನ್ನ ಗಂಡ ಆಂಡೋರ್, ಹಬ್ಬ ಮುಗಿಯುವವರೆಗೂ ಬರೀ ಆಲೂಗಡ್ಡೆ ತಿಂದು ಬದುಕಿದ್ದಾನೆ ತಾನೆ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಹಬ್ಬದ ಒಣರೊಟ್ಟಿಯನ್ನು ಸ್ವಂತ ಹಲ್ಲಿನಲ್ಲಿ ಕಡಿಯುವ ಗಂಡಸು ನನ್ನ ವಯಸ್ಸಿನವರಲ್ಲಿ ಈ ಊರಿಗೆ ನಾನೊಬ್ಬನೇ.

ಈ ಸಲ ಪೆಸಾಹ್ ಹಬ್ಬದ ರಾತ್ರಿಯ ಊಟ ನಡೆಸಿದವನೂ ನಿನ್ನ ಈ ಚಿಕ್ಕಪ್ಪನೇ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು! ನಮ್ಮ ಯೆಹೂದಿ ಹಿರಿಯರು ಈಜಿಪ್ಟಿನ ಗುಲಾಮಗಿರಿಯಿಂದ ಹೊರಟ ಕಥೆಯನ್ನು ಎಂಥ ದನಿಯಲ್ಲಿ ಓದಿದೆನೆಂದರೆ ಪಕ್ಕದ ಮನೆಯ ನಾಯಿ ಬೊಗಳುವುದನ್ನೇ ನಿಲ್ಲಿಸಿತು. ನಿನ್ನಮ್ಮ ಮಾತ್ರ, "ಎಸ್ಕಂದರ್, ಬೇಗ ಸಮುದ್ರ ದಾಟ್ಸೋ ಮಾರಾಯ, ಸಾರು ಆರ್ತಿದೆ," ಎಂದಳು.

ನಿನ್ನಪ್ಪ, ನನ್ನಣ್ಣ ಇರುವಾಗ ನಾನೇಕೆ ಓದಿದೆ ಎನ್ನುತ್ತೀಯ. ನಿನಗೆ ತಿಳಿಸಕೂಡದೆಂದು ಅವನು ಎಡಗೈಯಲ್ಲಿ ನನ್ನ ಕೊರಳಪಟ್ಟಿ ಹಿಡಿದಿದ್ದ, ಆದರೂ ಬರೆಯುತ್ತೇನೆ. ಚಳಿಗಾಲದಲ್ಲಿ ನಿನ್ನ ಬಾಬಾನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಕಿವಿ, ಬುದ್ಧಿ, ಸಿಟ್ಟು ನೆಟ್ಟಗಿವೆ. ಹಬ್ಬದ ಹಿಂದಿನ ದಿನ ನೀನು ಫೋನ್ ಮಾಡಿದಾಗ ಕಾಲೆಳೆಯುತ್ತ ಬಂದು ಎತ್ತಿದವನು ಅವನೇ. ಉಸಿರು ಬಿಟ್ಟರೆ ಏನೂ ಹೊರಡಲಿಲ್ಲ. "ಇನ್ನೂ ಕೋಪಾನಾ ಬಾಬಾ? ಆಯ್ತು, ಹಾಗೇ ಇರ್ಲಿ ಬಿಡಿ," ಎಂದು ನೀನು ಇಟ್ಟುಬಿಟ್ಟದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ತಿರುಗಿ ಮಾಡಿದರೆ ನಿಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಹುಳಿಯಿಲ್ಲದ ರೊಟ್ಟಿ ಏಕೆ, ಕಹಿಸೊಪ್ಪು ಏಕೆ ಎಂದು ಬಾಯಿಬಿಟ್ಟು ಹೇಳದಿದ್ದರೆ ಆ ರಾತ್ರಿ ಸಂದಂತಲ್ಲವಲ್ಲ. ಅಣ್ಣ ಕಹಿಸೊಪ್ಪನ್ನು ಎತ್ತಿ ಹಿಡಿದ. ತುಟಿ ನಡುಗಿತು. ಕಾದೆವು. ಕೊನೆಗೆ ನಾನೇ ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ಆಮೇಲೆ, ದೇವರ ಒಂದೊಂದು ಉಪಕಾರಕ್ಕೂ ಅಷ್ಟೇ ಸಾಕಿತ್ತು ಎನ್ನುವ ಹಾಡು ಬಂತು. ಈಜಿಪ್ಟಿನ ಮೇಸ್ತ್ರಿಗಳ ಚಾಟಿಯ ನೆನಪಿಗೆ ಒಬ್ಬರಿಗೊಬ್ಬರು ಈರುಳ್ಳಿ ಸೊಪ್ಪಿನಲ್ಲಿ ಬಾರಿಸತೊಡಗಿದೆವು. ನಾನು ಸುಮ್ಮನಿರುವವನೇ? ಅಣ್ಣನ ಬೆನ್ನಿಗೇ ಒಂದು ಬಿಟ್ಟೆ. ಅವನು ತಿರುಗಿ ನನ್ನ ಬೋಳುತಲೆಗೆ ಪಟಾರನೆ ಕೊಟ್ಟ, ಕೊಡುತ್ತಲೇ ಹಾಡಿದ! ಇಡೀ ಹಾಡು, ಒಂದಕ್ಷರ ತಪ್ಪದೆ. ನಿನ್ನಮ್ಮನ ಕೈಯಿಂದ ಸೌಟು ಬಿತ್ತು.

ಹಾಡು ಮುಗಿಯಿತು. "ಅಣ್ಣಾ, ಈಗ ಮಾತಾಡು," ಎಂದೆ. ಬಾಯಿ ತೆರೆದ, ಗೊರಗೊರ ಸದ್ದು. ಅನ್ನದ ಪಾತ್ರೆಯನ್ನು ದೂರ ತಳ್ಳಿದ, ಬಾಗಿಲ ಕಡೆ ಕೈ ಮಾಡಿದ, ಮತ್ತೆ ತಳ್ಳಿದ. "ಉಪ್ಪು ಕಮ್ಮಿಯಾಯ್ತೇನ್ರೀ?" ಎಂದಳು ನಿನ್ನಮ್ಮ. ನನಗೆ ಅರ್ಥವಾಯಿತು. ಹಬ್ಬದಲ್ಲೂ ಅನ್ನ ಉಣ್ಣುವವರು ನಾವು, ಮುಟ್ಟದವರು ನಿನ್ನ ಗಂಡನ ಕಡೆಯವರು. ಹಿಂದೊಂದು ಹಬ್ಬದಲ್ಲಿ ಅದೇ ಮೇಜಿನಲ್ಲಿ ನಿನ್ನ ಗಂಡನಿಗೆ, "ನಮ್ಮನೆ ಅನ್ನ ನಿಂಗೆ ಮೈಲಿಗೆಯೇನೋ? ಎದ್ದು ಹೋಗು," ಎಂದವನು ಅಣ್ಣ; ನೀವಿಬ್ಬರೂ ಎದ್ದು ಹೋದವರು ಮತ್ತೆ ಬರಲಿಲ್ಲ. ಆ ಮಾತನ್ನು ಹಿಂದಕ್ಕೆ ಪಡೆಯಲು ಇನ್ನೊಂದು ಮಾತು ಬೇಕು, ಅವನ ಹತ್ತಿರ ಇಲ್ಲ. ಅವನ ಪರವಾಗಿ ನಾನು ಹೇಳಿದರೆ ಚಿಕ್ಕಪ್ಪನ ಇನ್ನೊಂದು ಬಡಾಯಿ ಎನ್ನುತ್ತೀಯ. ಏನು ಮಾಡಲಿ, ಹೇಳು.

ಆಂಡೋರ್‌ಗೆ ನನ್ನ ಸಲಾಂ. ನಿಮ್ಮ ಮನೆಯ ಬಾಗಿಲನ್ನು ದೇವರು ಕಾಯಲಿ.

ನಿನ್ನ ಚಿಕ್ಕಪ್ಪ,
ಎಸ್ಕಂದರ್

ಇನ್ನೊಂದು: ಟಪಾಲಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಚುಟುಕಾಗಿ ಬರೆಯುತ್ತೇನೆ. ಶುಕ್ರವಾರ ಮಧ್ಯಾಹ್ನ ಅಣ್ಣನನ್ನು ಫೋನಿನ ಹತ್ತಿರ ಕೂರಿಸುತ್ತೇನೆ. ನೀನು ಫೋನ್ ಮಾಡು; ಮಾತಾಡಿಸಬೇಡ, ಆ ಹಬ್ಬದ ಹಾಡನ್ನೇ ಹಾಡು. ಅವನು ದನಿಗೂಡಿಸಬಹುದು, ಇಲ್ಲದೆಯೂ ಇರಬಹುದು, ನನ್ನ ಕೈಯಲ್ಲಿಲ್ಲ. ಹಾಡು ಮುಗಿದ ಮೇಲೆ ಬರೀ ಉಸಿರು ಕೇಳಿಸುತ್ತದೆ. ಆಗ ಇಡಬೇಡ, ತಾಯಿ.