ಲಾನ್‌ಯಿಯ ಉತ್ತರದ ಬಾಗಿಲು

ಅಪ್ಪಾ,

ಉಪ್ಪಿನ ವ್ಯಾಪಾರಿ ಹಿತ್ತಲಲ್ಲಿ ಕತ್ತೆಗೆ ನೀರು ಕುಡಿಸುತ್ತಿದ್ದಾನೆ. ಅವನು ಹೊರಡುವಷ್ಟರಲ್ಲಿ ಇದನ್ನು ಮುಗಿಸಬೇಕು. ಓಲೆ ಬರೆಯುವ ಬಿದಿರ ಸೀಳುಗಳನ್ನು ಹರಡಿಕೊಂಡು ಕೂತರೆ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಬಾಗಿಲವರೆಗೆ ಹೋಗಿ ಬರುತ್ತೇನೆ. ಒಲೆಯ ಮೇಲಿನ ನವಣೆ ಗಂಜಿ ಆಗಲೇ ಒಮ್ಮೆ ಉಕ್ಕಿ ಹೋಯಿತು.

ಅರಸರು ನಿಮ್ಮನ್ನು ರಾಜಧಾನಿಗೆ ಕರೆಸಿದ್ದಾರಂತೆ. ಮಗಳ ಮುಖ ನೋಡಿ ಸೇನಾಪತಿ ಲಾನ್‌ಯಿಯ ಮುತ್ತಿಗೆ ಬಿಟ್ಟುಬಂದ ಎಂದು ಯಾರೋ ಅವರ ಕಿವಿಗೆ ಹಾಕಿದ್ದಾರಂತೆ. ಗೆಲ್ಲದೆ ಬಂದವರನ್ನು ಅರಸರು ಕರೆಸಿದರೆ ಏನಾಗುತ್ತದೆಂದು ನನಗೆ ಹೇಳಿದವರೇ ನೀವು.

ನೀವು ಹುಟ್ಟಾ ಸೇನಾಪತಿಯಲ್ಲ. ಬಡಗಣ ಬಯಲಿನಲ್ಲಿ ಕುದುರೆ ಕಾಯುತ್ತಿದ್ದವರು. ಮರಿ ಹೆಣ್ಣೋ ಗಂಡೋ ಎಂದು ಹುಟ್ಟುವ ಮೊದಲೇ ತಾಯಿಯ ನಡಿಗೆ ನೋಡಿ ಹೇಳುತ್ತಿದ್ದಿರೆಂದು ಅಮ್ಮ ಹೆಮ್ಮೆಪಡುತ್ತಿದ್ದಳು. ದಳಪತಿಯ ರಥಕ್ಕೆ ಕುದುರೆ ಕಟ್ಟಲು ಹೋದಿರಿ. ಯುದ್ಧದ ನಡುವೆ ಅವನು ಬಾಣ ತಗುಲಿ ಬಿದ್ದಾಗ ಲಗಾಮು ಹಿಡಿದಿರಿ. ಆಮೇಲೆ ಒಂದೊಂದು ಗೆಲುವಿಗೂ ನಮಗೊಂದು ದೊಡ್ಡ ಮನೆ. ಹೊಸ ಮನೆಯ ಅಟ್ಟ, ಬಾವಿ ಎಲ್ಲ ನಾನು ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ನೀವು ಮತ್ತೆ ಹೊರಟಿರುತ್ತಿದ್ದಿರಿ. ಅಮ್ಮ ತೀರಿಕೊಂಡ ಸುದ್ದಿ ನಿಮಗೆ ದಂಡಿನಲ್ಲಿ ಮುಟ್ಟಿತು. ಆಗ ಮುತ್ತಿದ್ದ ಊರನ್ನು ಗೆದ್ದ ಮೇಲೆಯೇ ನೀವು ಬಂದದ್ದು. ನೀವು ಅಂಗಳದಲ್ಲಿ ಬಹಳ ಹೊತ್ತು ಅಮ್ಮನ ಮಗ್ಗದ ಮುಂದೆ ನಿಂತಿದ್ದಿರಿ.

ನಿಮ್ಮ ಅರಸರಿಗೂ ಇಲ್ಲಿಯವರಿಗೂ ಸಂಧಿಯಾದ ವರ್ಷ ನನ್ನನ್ನು ಈ ಊರಿಗೆ ಕೊಟ್ಟಿರಿ. ಬಂಡಿ ಹತ್ತಿಸುವಾಗ, "ನೀನು ಅಲ್ಲಿರೋವರೆಗೂ ಲಾನ್‌ಯಿ ಹತ್ರ ನನ್ನ ದಂಡು ಸುಳಿಯಲ್ಲ ಮಗಳೇ" ಎಂದಿರಿ. ಅದನ್ನು ನಂಬಿಕೊಂಡೇ ನಾನಿಲ್ಲಿ ನಕ್ಕೆ, ಹೆತ್ತೆ. ಕಳೆದ ಶರತ್ಕಾಲದಲ್ಲಿ ನವಣೆ ಅರ್ಧ ಕೊಯ್ದಿದ್ದೆವು. ಗೋಡೆಯ ಮೇಲಿಂದ ಯಾರೋ ಕೂಗಿದರು. ಹತ್ತಿ ನೋಡಿದೆ. ನಿಮ್ಮ ಬಾವುಟ.

ಮೂರು ದಿಕ್ಕಿಗೂ ಡೇರೆ ಬಿದ್ದವು. ಉತ್ತರದ ಬಾಗಿಲ ಮುಂದೆ ಒಬ್ಬ ಸೈನಿಕನೂ ಇರಲಿಲ್ಲ. ಫೆನ್ ನದಿಯವರೆಗೂ ದಾರಿ ಖಾಲಿ. ಊರಿಗೆ ಊರೇ ಉಸಿರುಬಿಟ್ಟಿತು. ಊರ ಕಾವಲಿನ ಹೊಣೆ ಹೊತ್ತ ನನ್ನ ಮಾವ, ಹೆಂಗಸರು ಮಕ್ಕಳನ್ನು ಆ ದಾರಿಯಲ್ಲಿ ಕಳಿಸಲು ಬಂಡಿ ಕಟ್ಟಿಸಿದರು. ಅತ್ತೆ ಗಂಟು ಕಟ್ಟುತ್ತ, "ಏನೇ, ಕಂಬದ ಹಾಗೆ ನಿಂತಿದೀಯ? ಮಗೂಗೆ ದಪ್ಪ ಬಟ್ಟೆ ಹಾಕು. ನಿಮ್ಮಪ್ಪ ಅಂದ್ಕೊಂಡಷ್ಟು ಕೆಟ್ಟೋರಲ್ಲ ಬಿಡು, ದಾರಿ ಬಿಟ್ಟಿದಾರೆ" ಎಂದರು.

ಅಪ್ಪಾ, ಆ ಹೊತ್ತು ನಾನು ಬಾವಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾವಿಗೆ ಸುಮ್ಮನೆ ಓಡಾಡಿದೆ. ಚಿಕ್ಕವಳಿದ್ದಾಗ ಹಿತ್ತಲಲ್ಲಿ ನನಗೆ ಕೋಳಿ ಹಿಡಿಯುವುದು ಕಲಿಸಿದ್ದಿರಿ. "ಸುತ್ತ ಮುಚ್ಚಿದ್ರೆ ಅದು ಮುಖಕ್ಕೇ ಹಾರುತ್ತೆ. ಒಂದು ಸಂದಿ ಬಿಡು. ಸಂದಿ ಕೊನೇಲಿ ನೀನಿರು" ಎಂದು ನಗುತ್ತ ತೋರಿಸಿದ್ದಿರಿ. ನದಿ ದಾಟುವ ಕಡೆ ಜೊಂಡಿನಲ್ಲಿ ನಿಮ್ಮ ಕುದುರೆ ಸವಾರರು ಕೂತಿದ್ದಾರೆಂದು ಈ ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಹೇಳಿದರೆ ನೀವು ಸೋಲುತ್ತೀರಿ. ಹೇಳದಿದ್ದರೆ, ಆ ಬಂಡಿಗಳಲ್ಲಿ ಯಾರಿದ್ದರೆಂದು ನಿಮಗೆ ಬರೆಯಬೇಕೆ?

"ಅತ್ತೆ, ಆ ದಾರಿ ಬೇಡ. ಕೊನೇಲಿ ಅಪ್ಪ ಇರ್ತಾರೆ" ಎಂದೆ.

ಅತ್ತೆ ನನ್ನನ್ನೇ ನೋಡಿದರು. ಕಟ್ಟಿದ ಗಂಟು ಬಿಚ್ಚತೊಡಗಿದರು. ಮಾವ ಒಂದೇ ಮಾತು ಕೇಳಿದರು: "ಖಾತ್ರಿನಾ ತಾಯಿ?" ನಾನು ಹೌದೆಂದು ತಲೆಯಾಡಿಸಿದೆ. ಉತ್ತರದ ಬಾಗಿಲಿಗೆ ಒಳಗಿನಿಂದ ಕಲ್ಲು ಪೇರಿಸಿದರು.

ಚಳಿ ಬಂತು. ನಾವು ಒಣ ಎಲಚಿ ಹಣ್ಣು ಬೇಯಿಸಿ ತಿಂದೆವು, ಕೊನೆಗೆ ಬಂಡಿಯ ಎತ್ತುಗಳನ್ನೂ ತಿಂದೆವು. ನಿಮ್ಮ ಕುದುರೆಗಳ ಪಕ್ಕೆಲುಬು ಗೋಡೆಯ ಮೇಲಿಂದಲೇ ಕಾಣುತ್ತಿದ್ದವು. ಒಂದು ಮಧ್ಯಾಹ್ನ ನೀವೊಬ್ಬರೇ ಬಾಣ ಮುಟ್ಟುವಷ್ಟು ಹತ್ತಿರ ಬಂದು ನನ್ನ ಹೆಸರು ಕೂಗಿದಿರಿ. ನಮ್ಮ ಬಿಲ್ಲುಗಾರನೊಬ್ಬ ಹೆದೆ ಎಳೆದ. ಅತ್ತೆ ಅವನ ಮೊಣಕೈ ಹಿಡಿದು, "ತಡಿಯೋ, ಬೀಗರು. ಮಾತಾಡ್ಕೊಂಡು ಹೋಗ್ಲಿ" ಎಂದರು.

"ಶುವಾಂಗ್, ಆ ಬಾಗಿಲು ಮುಚ್ಚಿಸಿದ್ದು ನೀನಾ?"

"ಹೌದಪ್ಪಾ."

ಗಾಳಿಗೆ ನಿಮ್ಮ ಗಡ್ಡ ಹಾರುತ್ತಿತ್ತು. ಪೂರಾ ಬೆಳ್ಳಗಾಗಿತ್ತು. ಆಮೇಲೆ ಕೇಳಿದಿರಿ, "ಮಗು ಹೇಗಿದಾಳೆ?"

"ಹಲ್ಲು ಬಂದಿದೆ."

ಕುದುರೆ ತಿರುಗಿಸಿಕೊಂಡು ಹೋದಿರಿ. ಮರುದಿನ ಡೇರೆಗಳು ಕಳಚಿದವು. ಊರವರೆಲ್ಲ ಕುಣಿಯುತ್ತಿದ್ದರೆ ನಾನು ಗೋಡೆಯ ಮೇಲೆ ಕೂತು ನಿಮ್ಮ ದಂಡಿನ ಧೂಳು ನೋಡುತ್ತಿದ್ದೆ. ಮೇವು ಮುಗಿದು ಹೋದಿರೋ, ನನಗಾಗಿ ಹೋದಿರೋ? ಮೇವೇ ಆಗಿರಲಿ ಎಂದು ಒಮ್ಮೆ ಬೇಡಿಕೊಳ್ಳುತ್ತೇನೆ; ಹಾಗಾದರೆ ನಿಮಗೆ ಬರುವ ಶಿಕ್ಷೆಗೆ ಕಾರಣ ನಾನಲ್ಲ. ಮರುಗಳಿಗೆಗೆ, ಮೇವು ಎಂದು ಮಾತ್ರ ಹೇಳಬೇಡಿ ಅಪ್ಪಾ ಎನ್ನಿಸುತ್ತದೆ.

ಅದನ್ನು ಬಿಡಿ. ರಾಜಧಾನಿಗೆ ಹೋಗಬೇಡಿ. ಈ ವ್ಯಾಪಾರಿಯ ಜೊತೆ ಕತ್ತೆ ಹೊಡೆದುಕೊಂಡು ಬಂದುಬಿಡಿ. ನಿನ್ನೆ ಊಟಕ್ಕೆ ಕೂತಾಗ ಮನೆಯವರ ಮುಂದೆ ಈ ಮಾತು ಎತ್ತಿದೆ. ನನ್ನ ಗಂಡ ತುತ್ತು ಹಿಡಿದು ಕೂತುಬಿಟ್ಟರು. ಮಾವ, "ಊರಿನವರು ಕಲ್ಲು ಎತ್ಕೊಂಡ್ರೆ ನಾನೇನು ಮಾಡ್ಲಿ?" ಎಂದರು. ಅತ್ತೆಯೇ ಉತ್ತರ ಕೊಟ್ಟರು: "ಕಲ್ಲು ಹೊಡೆಯೋರಲ್ಲಿ ನಾನೇ ಮೊದಲ್ನೇಳು. ನಮ್ಮ ಹಿಪ್ಪುನೇರಳೆ ಮರ ಒಂದೂ ಬಿಡ್ದೆ ಕಡಿದು ಸೌದೆ ಮಾಡ್ಕೊಂಡ್ರಲ್ಲ ಅವ್ರ ಕಡೆಯೋರು. ರಾಜನ ಹತ್ರ ಹೋಗಿ ಸತ್ರೆ ನನ್ನ ಮರ ಬರುತ್ತಾ? ಬಂದು ನೆಡ್ಲಿ. ನೀರು ಹಾಕ್ಲಿ. ಎಲೆ ಬಿಡೋವರೆಗೂ ಇರ್ಲಿ."

ಹಿಪ್ಪುನೇರಳೆ ಸೊಂಪಾಗಿ ಎಲೆ ಬಿಡಲು ಮೂರು ವರ್ಷ ಬೇಕು ಅಪ್ಪಾ. ನೀವು ಯಾವ ಮನೆಯಲ್ಲೂ ಅಷ್ಟು ಕಾಲ ಇದ್ದವರಲ್ಲ. ಅತ್ತೆ ಇವತ್ತು ಬೆಳಿಗ್ಗೆಯೇ ಗುದ್ದಲಿ ಹಿಡಿದು ಹೊಲಕ್ಕೆ ಹೋದರು. ನೆಲ ಇನ್ನೂ ಗಟ್ಟಿಯಾಗಿದೆ, ಆದರೂ ಮೊದಲ ಗುಂಡಿ ತೋಡಿ ಬಂದಿದ್ದಾರೆ.

ವ್ಯಾಪಾರಿ ಕರೆಯುತ್ತಿದ್ದಾನೆ. ದಾರಿಯಲ್ಲಿ ನಿಮ್ಮನ್ನು ಯಾರೂ ಗುರುತಿಸದಿರಲಿ. ನೀವು ಸುಖವಾಗಿ ಬಂದು ಮುಟ್ಟಿ.

ನಿಮ್ಮ ಮಗಳು,
ಶುವಾಂಗ್