ಜರುಗಿದ ಬಾಣ

ಧೃತಿ,

ಹುಳಿ ಬಿಸಿ ಮಾಡಿಕೊ.

ನೀನು ಫ್ಲಾಪಿಗೆ ಹಾಕಿಕೊಟ್ಟ, ಹೂವಿನ ಭಾಗ ಗುರುತಿಸುವ ವರ್ಕ್‌ಶೀಟನ್ನು ನಿನ್ನೆ ಶಾಲೆಯ ಕಂಪ್ಯೂಟರಿನಲ್ಲಿ ತೆರೆದಾಗ, ದಳದ ಬಾಣ ತೊಟ್ಟಿಗೆ ಜರುಗಿಬಿಟ್ಟಿದೆ. ನೋಡದೆ ಪ್ರಿಂಟ್ ಹಾಕಿಸಿದೆ. ಪುಸ್ತಕದ ಕ್ರಮ ಬಾಯಿಪಾಠ ಮಾಡಿದವರೆಲ್ಲ ಆ ಬಾಣಕ್ಕೆ "ದಳ" ಎಂದು ಬರೆದರು, ಸರಿ ಹಾಕಿದೆ. ಹೊಸ ಹುಡುಗಿ ದಾನಮ್ಮ "ತೊಟ್ಟು" ಎಂದು ಬರೆದಳು, ತಪ್ಪು ಹಾಕಿದೆ. "ಬಾಣ ಅಲ್ಲೇ ಐತಲ್ರಿ ಮಿಸ್" ಎಂದಳು. ಎದುರು ಮಾತಾಡ್ತೀಯಾ ಎಂದು ಪೀರಿಯಡ್ ಪೂರ್ತಿ ನಿಲ್ಲಿಸಿದೆ. ಮನೆಗೆ ಬಂದು ಹಾಳೆ ನೋಡಿದ ಮೇಲೆ ಗೊತ್ತಾಯಿತು.

ನಿನ್ನ ತಪ್ಪಲ್ಲ. ಸಂಜೆ ಪಕ್ಕ ಕೂತು ಇಂಥ ಹಾಳೆ ಮಾಡುವುದನ್ನು ನನಗೇ ಕಲಿಸು, ನೀನು ಮಾಡಿಕೊಡಬೇಡ.

ಇವತ್ತು ತರಗತಿಯ ಎದುರೇ ದಾನಮ್ಮನ ಕ್ಷಮೆ ಕೇಳಬೇಕು. ಅಷ್ಟು ಜನರಲ್ಲಿ ಚಿತ್ರ ನೋಡಿ ಬರೆದವಳು ಅವಳೊಬ್ಬಳೇ ಕಣೇ. ನಾನೂ ನೋಡಿರಲಿಲ್ಲ.

ಅಮ್ಮ